ಮುಟ್ಟಿ ನೋಡಬಾರದ ಸೋರಿಕೆ

ಮಂಗಳೂರಿನ ಬೈಕಂಪಾಡಿಯಲ್ಲಿರುವ ನಮ್ಮ ವರ್ಕ್‌ಶಾಪಿನ ಹಿಂಬದಿಯ ಗೋಡೆಯಲ್ಲಿ, ಸ್ಪ್ಯಾನರ್‌ಗಳ ಹಲಗೆಯ ಪಕ್ಕದ ಮೊಳೆಯೊಂದಕ್ಕೆ, ಮೂರು ಅಡಿ ಉದ್ದದ ಮರದ ರೀಪಿಗೆ ಹೊಡೆದ ರಟ್ಟಿನ ತುಂಡೊಂದು ನೇತಾಡುತ್ತಿರುತ್ತದೆ. ಯಂತ್ರ ರಿಪೇರಿಗೆ ತಂದವರು ಅದನ್ನು ಬೀಸಣಿಗೆಯೆಂದೇ ತಿಳಿಯುತ್ತಾರೆ. ಮೇ ತಿಂಗಳ ಸೆಕೆಯಲ್ಲಿ ತೆಗೆದು ಬೀಸಿಕೊಂಡವರೂ ಇದ್ದಾರೆ. ಹೈಡ್ರಾಲಿಕ್ ಎಣ್ಣೆಯ, ಅಂದರೆ ಯಂತ್ರದ ಭಾಗಗಳನ್ನು ಒತ್ತಡದಿಂದ ಆಡಿಸುವ ಎಣ್ಣೆಯ, ಸೋರಿಕೆಯನ್ನು ಹುಡುಕುವುದಕ್ಕೆ ನಾವು ಇಟ್ಟುಕೊಂಡಿರುವ ಉಪಕರಣ ಅದು. ಯಾವುದೋ ಫ್ರಿಜ್ಜಿನ ಪೆಟ್ಟಿಗೆಯಿಂದ ಕತ್ತರಿಸಿದ್ದಾದ್ದರಿಂದ ಅದಕ್ಕೆ ಬೆಲೆಯಿಲ್ಲ. ಆದರೆ ಅದು ಆ ಮೊಳೆಗೆ ಬಂದು ಸೇರುವ ಮೊದಲು ನಮ್ಮ ಹುಡುಗನೊಬ್ಬನ ಬೆರಳಿನ ತುದಿ ಹೋಗಿತ್ತು.

ಮೆಕ್ಯಾನಿಕ್ ಕೆಲಸ ಕಲಿಯುವುದೆಂದರೆ ಹೆಚ್ಚಿನ ಪಾಲು ಕೈಗೆ ಕಲಿಸುವುದು. ಬೇರಿಂಗ್ ಬಿಸಿಯೇರಿದೆಯೇ ಎಂದು ಬೆನ್ನುಗೈ ತಾಗಿಸಿ ನೋಡುತ್ತೇವೆ. ಬೋಲ್ಟಿನ ಥ್ರೆಡ್ ಸರಿಯಾಗಿ ಕೂತಿತೇ, ಅಡ್ಡ ಹತ್ತಿತೇ ಎಂಬುದು ಕಣ್ಣಿಗೆ ಕಾಣುವ ಮೊದಲೇ ಬೆರಳ ತುದಿಗೆ ತಿಳಿಯುತ್ತದೆ. ಎಣ್ಣೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ನೀರು ಸೇರಿದೆಯೇ, ಲೋಹದ ಪುಡಿ ಇದೆಯೇ ಎಂದು ಹೇಳಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಅನುಮಾನ ಬಂದ ಜಾಗಕ್ಕೆ ಕೈ ತಾನಾಗಿ ಹೋಗುತ್ತದೆ. ಅದನ್ನೇ ನಾವು ಕೈಗುಣ ಎಂದು ಹೊಗಳುತ್ತೇವೆ. ಹೈಡ್ರಾಲಿಕ್ ಕೆಲಸದಲ್ಲಿ ಅಪಾಯಕ್ಕೆ ಸಿಗುವುದು ಈ ಕಲಿತ ಕೈಯೇ ಎಂಬುದು ನನಗೆ ತಡವಾಗಿ ಹೊಳೆದ ಸಂಗತಿ. ಹೊಸಬ ಹೆದರಿ ದೂರ ನಿಲ್ಲುತ್ತಾನೆ. ತಕ್ಕಮಟ್ಟಿಗೆ ಕೆಲಸ ಬಂದವನು ಹೋಸಿನ ಮೇಲೆ ಬೆರಳಾಡಿಸುತ್ತಾನೆ.

ಕರಾವಳಿಯಲ್ಲಿ ನಾವು ನೆಲ ಅಗೆಯುವ ಎಲ್ಲ ಎಕ್ಸ್‌ಕವೇಟರ್‌ಗಳನ್ನೂ ಕಂಪನಿ ಯಾವುದೇ ಇರಲಿ ಹಿಟಾಚಿ ಎಂದೇ ಕರೆಯುತ್ತೇವೆ. ಅಂಥ 20 ಟನ್ನಿನ ಯಂತ್ರವೊಂದರ ಮುಖ್ಯ ರಿಲೀಫ್ ವಾಲ್ವ್, ಅಂದರೆ ಒತ್ತಡ ಮಿತಿ ಮೀರದಂತೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ವಾಲ್ವ್, ಸುಮಾರು 340 ಬಾರ್ ಒತ್ತಡದಲ್ಲಿ ತೆರೆದುಕೊಳ್ಳುತ್ತದೆ. ವರ್ಕ್‌ಶಾಪಿನ ಭಾಷೆಯಲ್ಲಿ ಇದು '340 ಕೆಜಿ ಪ್ರೆಶರ್'. ಬಾರ್‌ಗೂ ಚದರ ಸೆಂಟಿಮೀಟರಿಗೆ ಕಿಲೋಗ್ರಾಮಿಗೂ ವ್ಯತ್ಯಾಸ ನೂರಕ್ಕೆ ಎರಡರಷ್ಟು ಮಾತ್ರ ಆದ್ದರಿಂದ ಆ ರೂಢಿಯಲ್ಲಿ ತಪ್ಪಿಲ್ಲ. ಕಾರಿನ ಟಯರಿನಲ್ಲಿ ಇರುವುದು ಎರಡು ಕೆಜಿ ಚಿಲ್ಲರೆ. 340 ಕೆಜಿ ಎಂದರೆ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ 50 ಕಿಲೋದ ಅಕ್ಕಿ ಮೂಟೆಗಳನ್ನು ಆರೇಳು ಒಟ್ಟಿದಂತೆ ಎಂದು ಲೆಕ್ಕ ಹಾಕಿಕೊಳ್ಳಬಹುದು. ಈ ಒತ್ತಡದಿಂದಲೇ ಹಿಡಿಯಗಲದ ಪಿಸ್ಟನ್ ಬಂಡೆಯನ್ನು ಎತ್ತುತ್ತದೆ. 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಹೇಳಿದ ನಿಯಮ ಇದು: ಮುಚ್ಚಿದ ದ್ರವದ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಕಡಿಮೆಯಾಗದೆ ಹರಡುತ್ತದೆ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದರ ಆಧಾರದ ಮೇಲೆ ಪ್ರೆಸ್, ಅಂದರೆ ಒತ್ತುವ ಯಂತ್ರ, ಕಟ್ಟಿ ಪೇಟೆಂಟ್ ಪಡೆದ. ನಮ್ಮಲ್ಲಿ ಬುಷ್ ಒತ್ತುವ ಪ್ರೆಸ್ಸಿನ ಸಿಲಿಂಡರ್ 125 ಮಿಲಿಮೀಟರ್ ವ್ಯಾಸದ್ದು. ಅದರ ವಿಸ್ತೀರ್ಣ ಸುಮಾರು 123 ಚದರ ಸೆಂಟಿಮೀಟರ್. 250 ಕೆಜಿಯಿಂದ ಗುಣಿಸಿದರೆ 30 ಟನ್ ದಾಟುತ್ತದೆ. ಕೈಪಂಪನ್ನು ಮೇಲೆ ಕೆಳಗೆ ಆಡಿಸುವವನಿಗೆ ಇದರ ಭಾರ ಎಲ್ಲೂ ತಿಳಿಯುವುದಿಲ್ಲ.

'ಎಲ್ಲ ಕಡೆಗೂ' ಎಂಬ ಆ ಮಾತನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆಯೇ ಹೊರತು ಅದರಲ್ಲಿ ಹೋಸಿನ ಗೋಡೆಯೂ ಸೇರಿದೆ ಎಂದು ಯೋಚಿಸಿರಲಿಲ್ಲ. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ 340 ಬಾರ್ ಒತ್ತಡದ ಎಣ್ಣೆ ಅದರಿಂದ ಹೊರಬೀಳುವ ವೇಗ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಸೆಕೆಂಡಿಗೆ ಸುಮಾರು 280 ಮೀಟರ್. ಬಜಪೆಯಿಂದ ಏರಿದ ವಿಮಾನ ಪೂರ್ತಿ ಎತ್ತರ ತಲುಪಿದ ಮೇಲೂ ಅಷ್ಟು ವೇಗದಲ್ಲಿ ಹಾರುವುದಿಲ್ಲ. ಎಣ್ಣೆಯ ಆ ಎಳೆ ಕೂದಲಿಗಿಂತ ದಪ್ಪವಿರಬೇಕಾಗಿಲ್ಲ. ಬಿಸಿಲಿಗೆ ಕಾಣುವುದಿಲ್ಲ, ಎಂಜಿನ್ನಿನ ಗದ್ದಲದಲ್ಲಿ ಕೇಳುವುದಿಲ್ಲ. ಮನುಷ್ಯನ ಚರ್ಮವನ್ನು ಸೀಳಿ ಒಳಹೋಗಲು 7 ಬಾರ್ ಒತ್ತಡವೇ ಸಾಕಾಗಬಹುದು. ಅಡಿಕೆಗೆ ಬೋರ್ಡೋ ಮದ್ದು ಹೊಡೆಯುವ ಪವರ್ ಸ್ಪ್ರೇಯರ್ ಕೂಡ ಅದಕ್ಕಿಂತ ಎಷ್ಟೋ ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ. ತೋಟದಲ್ಲಿ ಗನ್ನಿನ ಮೂತಿಗೆ ಬೆರಳು ಅಡ್ಡ ಹಿಡಿದು ಕಟ್ಟಿದ ಕಸ ಬಿಡಿಸುವವರನ್ನು ಕಂಡಾಗ ಈಗ ನನ್ನ ಎದೆ ಝಲ್ಲೆನ್ನುತ್ತದೆ.

ನಮ್ಮಲ್ಲಿ ಆದದ್ದು ಜುಲೈ ತಿಂಗಳಿನ ಒಂದು ಬೆಳಿಗ್ಗೆ. ಉಳ್ಳಾಲದ ಕಡೆ ಕಡಲ್ಕೊರೆತದ ತಡೆಗೋಡೆಗೆ ಬಂಡೆ ಪೇರಿಸುತ್ತಿದ್ದ ಯಂತ್ರವೊಂದು, ಬಕೆಟ್ ಹಿಡಿದ ತೋಳು, ಅಂದರೆ ಆರ್ಮ್, ನಿಧಾನವಾಗಿದೆ ಎಂಬ ದೂರಿನೊಂದಿಗೆ ಬಂದಿತ್ತು. ರಾತ್ರಿಯಿಡೀ ಮಳೆ ಹೊಡೆದು ಯಂತ್ರದ ಮೈಯೆಲ್ಲ ಒದ್ದೆಯಾಗಿದ್ದುದರಿಂದ ಎಲ್ಲಿ ನೀರು, ಎಲ್ಲಿ ಎಣ್ಣೆ ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಆಪರೇಟರ್ ಮೇಲೆ ಕುಳಿತು ಲಿವರನ್ನು ಕೊನೆಯವರೆಗೆ ಎಳೆದು ಹಿಡಿದಿದ್ದ. ಸಿಲಿಂಡರ್ ತುದಿ ಮುಟ್ಟಿ, ಪಂಪು ಪೂರ್ತಿ ಒತ್ತಡಕ್ಕೆ ಏರಿ ನರಳುತ್ತಿತ್ತು. ಗದಗದ ಕಡೆಯಿಂದ ಬಂದು ನಮ್ಮಲ್ಲಿ ಮೂರು ವರ್ಷದಿಂದ ಕೆಲಸಕ್ಕಿದ್ದ ಹುಡುಗ ಎಡಗೈಯ ತೋರುಬೆರಳನ್ನು ಹೋಸಿನ ಉದ್ದಕ್ಕೂ ಸವರುತ್ತ ಹೋದ. ಒಮ್ಮೆಲೇ ಕೈ ಹಿಂತೆಗೆದು ಕೊಡವಿದ. ನಾನು ಹತ್ತಿರ ಹೋಗಿ ನೋಡಿದರೆ ಬೆರಳಿನ ಮೆತ್ತನೆಯ ಭಾಗದಲ್ಲಿ ಸೂಜಿ ತಾಗಿದಷ್ಟು ಒಂದು ಚುಕ್ಕೆ. ರಕ್ತವೂ ಸರಿಯಾಗಿ ಬಂದಿರಲಿಲ್ಲ.

"ಏನೂ ಆಗಿಲ್ರೀ ಸರ, ಮುಳ್ಳು ಚುಚ್ಚಿದಂಗಾತು ಅಷ್ಟ," ಎಂದ.

ನಾನು ಹೇಳಿದ್ದು, ಡೀಸೆಲಿನಲ್ಲಿ ಕೈ ತೊಳೆದುಕೊಂಡು ಚಹಾ ಕುಡಿದು ಬಾ ಎಂದು. ಆ ಮಾತು ನನ್ನದೇ; ಬೇರೆ ಯಾರ ಮೇಲೂ ಅದನ್ನು ಹೊರಿಸಲಾರೆ. ಮಧ್ಯಾಹ್ನದ ಹೊತ್ತಿಗೆ ಬೆರಳು ಬಿಗಿಯುತ್ತಿದೆ ಎಂದಾಗ ಹತ್ತಿರದ ಒಂದು ಕ್ಲಿನಿಕ್ಕಿಗೆ ಕಳುಹಿಸಿದೆವು. ಅಲ್ಲಿ ಗಾಯ ಸಣ್ಣದೆಂದು ಟಿಟಿ ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದು ಕಳುಹಿಸಿದರು. ನಾವು ಅವರಿಗೆ ಹೇಳಿದ್ದಾದರೂ ಏನು? 'ಕೆಲಸ ಮಾಡುವಾಗ ಏನೋ ಚುಚ್ಚಿತು' ಎಂದು. ರಾತ್ರಿ ಒಂಬತ್ತಕ್ಕೆ ಬೆರಳು ಊದಿ ಬಿಳುಚಿಕೊಂಡು, ನೋವು ಮೊಣಕೈವರೆಗೆ ಏರಿದಾಗ ದೊಡ್ಡ ಆಸ್ಪತ್ರೆಗೆ ಓಡಿದೆವು. ಶಸ್ತ್ರಚಿಕಿತ್ಸೆಗೆ ಮಲಗಿಸುವಾಗ ನಡುರಾತ್ರಿ ದಾಟಿತ್ತು. ಚುಚ್ಚಿ ಹದಿನಾಲ್ಕು ಗಂಟೆಯ ಮೇಲಾಗಿತ್ತು. ಬೆರಳ ತುದಿಯಿಂದ ಅಂಗೈಯ ನಡುವಿನವರೆಗೆ ಸೀಳಿ ತೆರೆದಾಗ ಒಳಗಿನಿಂದ ಎಣ್ಣೆಯ ವಾಸನೆ ಬಂತೆಂದು ವೈದ್ಯರು ಹೇಳಿದರು. ಮೂರು ಸಲ ತೆರೆದು ಶುಚಿ ಮಾಡಿದರು. ಹತ್ತನೆಯ ದಿನ ಮೊದಲ ಗೆಣ್ಣಿನ ಮೇಲಿನ ಭಾಗವನ್ನು ತೆಗೆಯಬೇಕಾಯಿತು.

ಆ ಹತ್ತು ದಿನಗಳಲ್ಲಿ ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಕಸುಬಿನ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಒಳಹೊಕ್ಕ ಎಣ್ಣೆ ಹೊಕ್ಕ ಜಾಗದಲ್ಲಿ ನಿಲ್ಲುವುದಿಲ್ಲ. ಬೆರಳನ್ನು ಮಡಚುವ ಸ್ನಾಯುರಜ್ಜುವಿನ ಸುತ್ತ ಕೊಳವೆಯಂಥ ಒಂದು ಪೊರೆ ಇರುತ್ತದೆ. ಆ ದಾರಿ ಹಿಡಿದು ಎಣ್ಣೆ ಅಂಗೈಗೆ, ಕೆಲವೊಮ್ಮೆ ಮುಂಗೈಗೂ ಹರಿಯುತ್ತದೆ. ಚರ್ಮದೊಳಗೆ ಹಿಗ್ಗಲು ಜಾಗವಿಲ್ಲದ್ದರಿಂದ ರಕ್ತನಾಳಗಳು ಒತ್ತಿಹೋಗಿ ಬೆರಳಿಗೆ ರಕ್ತ ನಿಲ್ಲುತ್ತದೆ. ಎಣ್ಣೆಯೂ ಅದರಲ್ಲಿ ಬೆರೆತ ರಾಸಾಯನಿಕಗಳೂ ಮಾಂಸವನ್ನು ಸುಡುತ್ತವೆ, ಎಣ್ಣೆಯೊಡನೆ ಒಳಹೋದ ಕೊಳೆ ಸೋಂಕು ತರುತ್ತದೆ. ಇಷ್ಟೆಲ್ಲ ಒಳಗೆ ನಡೆಯುವಾಗ ಹೊರಗೆ ಕಾಣುವುದು ಆ ಒಂದು ಚುಕ್ಕೆ. ಮೊದಲ ಕೆಲವು ಗಂಟೆ ನೋವೂ ಅಷ್ಟಾಗಿ ಇರುವುದಿಲ್ಲ. ಆರು ಗಂಟೆಯೊಳಗೆ ಕೈ ಶಸ್ತ್ರಚಿಕಿತ್ಸಕರು ತೆರೆದು ಶುಚಿ ಮಾಡಿದರೆ ಬೆರಳು ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಮನೆಮದ್ದಾಗಿ ಹಿಂಡಿ ತೆಗೆಯುವುದು, ಬಿಸಿ ಶಾಖ ಕೊಡುವುದು, ಬುಡದಲ್ಲಿ ಬಿಗಿಯಾಗಿ ಕಟ್ಟುವುದು ಯಾವುದೂ ಕೂಡದು. ಉಂಗುರವಿದ್ದರೆ ಕೂಡಲೇ ಬಿಚ್ಚಿ, ಕೈಯನ್ನು ಮೇಲೆತ್ತಿ ಹಿಡಿದು, ಏನನ್ನೂ ತಿನ್ನದೆ ಕುಡಿಯದೆ ನೇರವಾಗಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ನಾನು ಕೊಡಿಸಿದ ಚಹಾ ಕೂಡ, ಅರಿವಳಿಕೆ ಕೊಡುವವರ ದೃಷ್ಟಿಯಲ್ಲಿ, ತಪ್ಪೇ.

ವೈದ್ಯಕೀಯ ಪತ್ರಿಕೆಗಳಲ್ಲಿ ಇಂಥ ಗಾಯದ ಮೊದಲ ವರದಿ ಬಂದದ್ದು 1937ರಲ್ಲಿ. ಡೀಸೆಲ್ ಎಂಜಿನ್ನಿನ ಇಂಧನ ಚರ್ಮ ತೂರಿದ ಪ್ರಕರಣ ಅದು. ಎಂಜಿನ್ನಿಗೆ ಇಂಧನ ಸಿಂಪಡಿಸುವ ನಾಝಲನ್ನು ಪರೀಕ್ಷಿಸುವ ಟೆಸ್ಟರಿನ ಮುಂದೆ ಕೂತು ಸ್ಪ್ರೇ ನೋಡುವ ಪಂಪು ರಿಪೇರಿಯವರು ಇಂದಿಗೂ ಅದೇ ಅಪಾಯದ ಎದುರು ಕೂತಿರುತ್ತಾರೆ. ಆದರೂ ಒಬ್ಬ ವೈದ್ಯ ತನ್ನ ಇಡೀ ವೃತ್ತಿಯಲ್ಲಿ ಇದನ್ನು ಒಂದು ಸಲವೂ ಕಾಣದೆ ಇರಬಹುದು. ಹಾಗಾಗಿ 'ಏನೋ ಚುಚ್ಚಿತು' ಎನ್ನದೆ, 'ಅಧಿಕ ಒತ್ತಡದ ಹೈಡ್ರಾಲಿಕ್ ಎಣ್ಣೆ ಚರ್ಮದೊಳಗೆ ಹೋಗಿದೆ, ಇಷ್ಟು ಗಂಟೆಗೆ ಹೋಯಿತು' ಎಂದು ಹೇಳುವ ಹೊಣೆ ನಮ್ಮದು. ಆ ಎರಡು ಸಾಲುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ, ಎಣ್ಣೆಯ ಡಬ್ಬಿಯ ಮೇಲಿರುವ ಹೆಸರು, ಗ್ರೇಡುಗಳನ್ನು ಸೇರಿಸಿ, ಲ್ಯಾಮಿನೇಟ್ ಮಾಡಿಸಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಕೈಗವಸಿನ ಬಗ್ಗೆ ಕೇಳುವವರಿಗೆ ಒಂದು ಮಾತು: ನಾವು ಹಾಕುವ ಸಾಧಾರಣ ತೊಗಲಿನ ಅಥವಾ ರಬ್ಬರಿನ ಗ್ಲೌಸ್ ಬಿಸಿಯಿಂದ, ತರಚಿನಿಂದ ಕಾಪಾಡುತ್ತದೆ, ಆ ಎಣ್ಣೆಯ ಎಳೆಗೆ ಅದು ಕಾಗದವಿದ್ದಂತೆ.

ಇನ್ನು ನಿಂತ ಯಂತ್ರದ ವಿಷಯ. ನಮ್ಮ ಹಿರಿಯ ಮೇಸ್ತ್ರಿಗಳು ಎಂಜಿನ್ ಆರಿಸಿದ ಯಂತ್ರವನ್ನು ತೋರಿಸಿ, "ಇದಕ್ಕೆ ಇನ್ನೂ ಜೀವ ಉಂಟು ಮಾರಾಯ, ಸ್ವಲ್ಪ ನಿಲ್ಲು," ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಎಂಜಿನ್ ನಿಂತರೆ ಪಂಪು ನಿಲ್ಲುತ್ತದೆ ಅಷ್ಟೇ. ಪಂಪು ಅದುವರೆಗೆ ತುಂಬಿಟ್ಟ ಒತ್ತಡ ಎಲ್ಲೆಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲಲ್ಲೇ ಇರುತ್ತದೆ. ಬೂಮ್ ಎಂಬ ದೊಡ್ಡ ತೋಳನ್ನು ಎತ್ತಿ ನಿಲ್ಲಿಸಿದ್ದರೆ ಅದರ ಭಾರವೇ ಸಿಲಿಂಡರಿನ ಎಣ್ಣೆಯನ್ನು ಒತ್ತುತ್ತಿರುತ್ತದೆ. ಆದ್ದರಿಂದ ಮೊದಲ ಕೆಲಸ ಬಕೆಟನ್ನು ನೆಲಕ್ಕೆ ಊರುವುದು. ಆಮೇಲೆ ಎಂಜಿನ್ ಆರಿಸಿ, ಕೀಲಿಯನ್ನು ಆನ್ ಸ್ಥಿತಿಯಲ್ಲಿಟ್ಟು, ಎಲ್ಲ ಲಿವರ್‌ಗಳನ್ನೂ ಎಲ್ಲ ದಿಕ್ಕಿಗೆ ಹಲವು ಸಲ ಆಡಿಸಬೇಕು. ಲಿವರ್ ಹೇಳಿದ್ದನ್ನು ವಾಲ್ವುಗಳಿಗೆ ಮುಟ್ಟಿಸುವ ಪೈಲಟ್ ಲೈನಿನ ಅಕ್ಯುಮುಲೇಟರಿನಲ್ಲಿ, ಅಂದರೆ ಒತ್ತಡವನ್ನು ಕೂಡಿಡುವ ಪಾತ್ರೆಯಲ್ಲಿ, ಉಳಿದ ಒತ್ತಡ ಹೀಗೆ ಖಾಲಿಯಾಗುತ್ತದೆ. ಬಳಿಕ ಎಣ್ಣೆ ಟ್ಯಾಂಕಿನ ಬ್ರೀದರನ್ನು, ಅಂದರೆ ಗಾಳಿಯಾಡುವ ಮುಚ್ಚಳವನ್ನು, ನಿಧಾನವಾಗಿ ಸಡಿಲಿಸಿ ಟ್ಯಾಂಕಿನ ಒಳಗಿನ ಗಾಳಿಯ ಒತ್ತಡವನ್ನೂ ತೆಗೆಯಬೇಕು. ಎಣ್ಣೆ 60 ಡಿಗ್ರಿಯಲ್ಲೋ 70 ಡಿಗ್ರಿಯಲ್ಲೋ ಇರುತ್ತದೆಯಾದ್ದರಿಂದ ಅದು ತಣಿಯುವವರೆಗೆ ಕಾಯಬೇಕು. ಕೀಲಿಯನ್ನು ತೆಗೆದು ಕೆಲಸ ಮಾಡುವವನೇ ಜೇಬಿಗೆ ಹಾಕಿಕೊಳ್ಳಬೇಕು. ಮಾಲೀಕರು ಗೇಟಿನ ಹತ್ತಿರ ನಿಂತು ಫೋನಿನಲ್ಲಿ 'ಒಂದು ಗಂಟೆಯಲ್ಲಿ ಬಿಡ್ತೇನೆ' ಎಂದು ಯಾರಿಗೋ ಮಾತು ಕೊಡುತ್ತಿರುವಾಗ ಇದನ್ನೆಲ್ಲ ಮಾಡುವುದು ಸುಲಭವಲ್ಲ. ಒತ್ತಡ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥವಿರುವುದು ನಮ್ಮ ಕಸುಬಿಗೆಂದೇ ಇರಬೇಕು.

ಗೇಜಿನ ಮುಳ್ಳು ಸೊನ್ನೆಗೆ ಬಂದಿದೆ, ಇನ್ನು ಬಿಚ್ಚಬಹುದು ಎಂಬ ಧೈರ್ಯ ಇನ್ನೊಂದು ಬಲೆ. ಗೇಜು ಹೇಳುವುದು ಅದು ಕೂತಿರುವ ಜಾಗದ ಒತ್ತಡವನ್ನು ಮಾತ್ರ. ಭಾರ ಹಿಡಿದು ನಿಲ್ಲಿಸುವ ವಾಲ್ವ್ ಸಿಲಿಂಡರಿನ ಮೈಮೇಲೇ ಇದ್ದರೆ ಅದರ ಆಚೆಗಿನ ಎಣ್ಣೆ ಬಂಧಿಯಾಗಿರುತ್ತದೆ. ಹೋಸ್ ಒಡೆದರೂ ಬೂಮ್ ಬೀಳದಿರಲಿ ಎಂದೇ ಅದನ್ನು ಹಾಕಿರುವುದು. ಈಚೆಯ ಗೇಜು ಸೊನ್ನೆ ತೋರಿಸುತ್ತಿರುವಾಗ ಆಚೆ 200 ಬಾರ್ ಇರಬಹುದು. ಆ ವಾಲ್ವನ್ನೇ ಬಿಚ್ಚಲು ಹೊರಟವನಿಗೆ ಗೇಜು ಹೇಳಿದ್ದು ಸುಳ್ಳಲ್ಲ, ಆದರೆ ಅವನಿಗೆ ಬೇಕಾದ ಉತ್ತರವೂ ಅಲ್ಲ. ಅಕ್ಯುಮುಲೇಟರಿಗಂತೂ ಒಳಗೆ ನೈಟ್ರೋಜನ್ ಚೀಲವಿರುತ್ತದೆ. ಎಣ್ಣೆ ಖಾಲಿಯಾದ ಮೇಲೂ ಆ ಅನಿಲದ ಒತ್ತಡ ಹಾಗೇ ಉಳಿಯುತ್ತದೆ. ಅದಕ್ಕೆ ನೈಟ್ರೋಜನನ್ನಲ್ಲದೆ ಬೇರೆ ಏನನ್ನೂ ತುಂಬಬಾರದು; ಪಕ್ಕದಲ್ಲಿ ಗ್ಯಾಸ್ ಕಟಿಂಗಿನ ಆಕ್ಸಿಜನ್ ಸಿಲಿಂಡರ್ ಇದೆಯಲ್ಲ ಎಂದು ಅದನ್ನು ಜೋಡಿಸಿದರೆ ಎಣ್ಣೆಯೂ ಆಕ್ಸಿಜನ್ನೂ ಒತ್ತಡದಲ್ಲಿ ಸೇರಿ ಸ್ಫೋಟವಾಗುತ್ತದೆ.

ಎತ್ತಿದ ಭಾರದ ಕೆಳಗೆ ಹೋಗುವುದರ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಇಲ್ಲ. ಎಲ್ಲರಿಗೂ ಗೊತ್ತಿದ್ದೂ ಎಲ್ಲರೂ ಮಾಡುವ ತಪ್ಪು ಅದು. ಟಿಪ್ಪರಿನ ಬಾಡಿ ಎತ್ತಿ, ಊರುಗೋಲು ಕೊಡದೆ, ಛಾಸಿಯ ಮೇಲೆ ಬಗ್ಗಿ ಗ್ರೀಸ್ ಹೊಡೆಯುವವರು ನಮ್ಮ ಹೆದ್ದಾರಿಯ ಬದಿಯಲ್ಲಿ ದಿನವೂ ಕಾಣುತ್ತಾರೆ. ಜಾಕಿ ಇರುವುದು ಎತ್ತುವುದಕ್ಕೆ. ಹೊತ್ತು ನಿಲ್ಲುವುದು ಸ್ಟ್ಯಾಂಡಿನ ಅಥವಾ ಮರದ ದಿಮ್ಮಿಯ ಕೆಲಸ. ಎಣ್ಣೆ ಸೋರದಂತೆ ತಡೆಯುವ ಐವತ್ತು ರೂಪಾಯಿಯ ರಬ್ಬರ್ ಬಳೆ, ಓ ರಿಂಗ್ ಒಂದರ ಮೇಲೆ ಜೀವವನ್ನು ಅಡ ಇಡಬಾರದು.

ಇದಕ್ಕಿಂತ ಕಡಿಮೆ ಮಾತಿಗೆ ಬರುವ ಮೂರು ಸಂಗತಿಗಳಿವೆ. ಒಂದು, ಸಿಲಿಂಡರಿನ ಗ್ಲ್ಯಾಂಡ್, ಅಂದರೆ ರಾಡು ಹೊರಬರುವ ಕಡೆಯ ಮುಚ್ಚಳ, ಬಿಚ್ಚಲು ಬರದಿದ್ದಾಗ ಗ್ಯಾಸ್ ಹಚ್ಚಿ ಕಾಯಿಸುವುದು. ಉಪ್ಪುಗಾಳಿಗೆ ತುಕ್ಕು ಹಿಡಿದ ಗ್ಲ್ಯಾಂಡ್ ನಮ್ಮೂರಿನಲ್ಲಿ ಬೇರೆ ದಾರಿಯಿಂದ ಬಿಚ್ಚುವುದೇ ಕಷ್ಟ ಎಂಬುದು ನನಗೂ ಗೊತ್ತು. ಆದರೆ ಎಣ್ಣೆ ಹೋಗಿಬರುವ ಎರಡೂ ಪೋರ್ಟ್‌ಗಳನ್ನು ಮುಚ್ಚಿಟ್ಟು ಕಾಯಿಸಿದರೆ ಒಳಗಿನ ಎಣ್ಣೆಗೆ ಹಿಗ್ಗಲು ಜಾಗವಿಲ್ಲದೆ ಅದು ಬಾಂಬಿನಂತಾಗುತ್ತದೆ. ಪೋರ್ಟ್ ತೆರೆದಿಟ್ಟು, ಎಣ್ಣೆ ಬಸಿದ ಮೇಲೂ ಉಳಿದ ಹಬೆ ಹೊತ್ತಿಕೊಳ್ಳಬಹುದು. ದೊಡ್ಡ ಸ್ಪ್ಯಾನರ್, ಉದ್ದದ ಪೈಪು, ಒಂದು ರಾತ್ರಿ ತುಕ್ಕು ಬಿಡಿಸುವ ಎಣ್ಣೆಯಲ್ಲಿ ನೆನೆಸುವ ತಾಳ್ಮೆ, ಇವು ಮೊದಲು. ಎರಡು, ಸಿಕ್ಕಿಕೊಂಡ ಪಿಸ್ಟನನ್ನು ಕಂಪ್ರೆಸರಿನ ಗಾಳಿ ಕೊಟ್ಟು ಹೊರಹಾಕುವುದು. ಎಣ್ಣೆ ತನ್ನನ್ನು ಒತ್ತಿದರೂ ಕುಗ್ಗುವುದು ಬಹಳ ಕಡಿಮೆ, 100 ಬಾರ್‌ಗೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದ್ದರಿಂದ ತುಸು ಜಾಗ ಸಿಕ್ಕರೆ ಅದರ ಒತ್ತಡ ಬೇಗ ಇಳಿಯುತ್ತದೆ. ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಕೂತಿರುತ್ತದೆ, ಬಿಟ್ಟೊಡನೆ ಪಿಸ್ಟನನ್ನು ಎದುರಿನ ಗೋಡೆಗೆ ಹೊಡೆಯುತ್ತದೆ. ಕೈಪಂಪಿನಿಂದ ಎಣ್ಣೆ ತಳ್ಳಿ ಹೊರತರುವುದೇ ಸರಿ. ಮೂರು, ಹಿಟಾಚಿಯ ಚೈನ್ ಬಿಗಿ ಮಾಡುವ ಗ್ರೀಸ್ ಸಿಲಿಂಡರ್. ಅದನ್ನು ಗ್ರೀಸ್ ಎಂದು ಕರೆಯುವುದರಿಂದ ಯಾರೂ ಹೈಡ್ರಾಲಿಕ್ ಎಂದು ಎಣಿಸುವುದಿಲ್ಲ. ಅದರ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ಸಡಿಲಿಸಿದರೆ, ಇಡೀ ಚೈನಿನ ಬಿಗಿಯನ್ನು ಹೊತ್ತ ಗ್ರೀಸು ವಾಲ್ವಿನ ಸಮೇತ ಗುಂಡಿನಂತೆ ಹಾರಿಬರುತ್ತದೆ. ಮುಖವನ್ನು ಅದರ ನೇರಕ್ಕೆ ಇಡದೆ, ಪಕ್ಕದಲ್ಲಿ ನಿಂತು, ಸ್ವಲ್ಪಸ್ವಲ್ಪವೇ ಸಡಿಲಿಸಬೇಕು.

ಬೆಂಚಿನ ಮೇಲೆ ಸಿಲಿಂಡರ್ ಪರೀಕ್ಷಿಸುವಾಗ ನಾನೇ ಮಾಡಿದ ಒಂದು ಮೂರ್ಖತನವನ್ನೂ ಹೇಳಿಬಿಡುತ್ತೇನೆ. ರಾಡಿನ ಕಡೆಯ ಪೋರ್ಟಿಗೆ ಕೊಳೆ ಹೋಗದಿರಲಿ ಎಂದು ಪ್ಲಗ್ ಹಾಕಿದ್ದೆ. ಅದನ್ನು ತೆಗೆಯಲು ಮರೆತು ಹಿಂಬದಿಗೆ 200 ಬಾರ್ ಕೊಟ್ಟೆ. ಸಿಲಿಂಡರ್ 125 ಮಿಲಿಮೀಟರ್ ವ್ಯಾಸದ್ದು, ರಾಡು 90 ಮಿಲಿಮೀಟರಿನದು. ಹಿಂಬದಿಯಲ್ಲಿ ಎಣ್ಣೆ ಒತ್ತುವ ವಿಸ್ತೀರ್ಣ 123 ಚದರ ಸೆಂಟಿಮೀಟರ್ ಇದ್ದರೆ, ಮುಂಬದಿಯಲ್ಲಿ ರಾಡು ಕಳೆದು ಉಳಿಯುವುದು 59 ಮಾತ್ರ. ಅದೇ ಬಲ ಅರ್ಧ ಜಾಗದ ಮೇಲೆ ಬಿದ್ದಾಗ ಮುಂಬದಿಯಲ್ಲಿ ಒತ್ತಡ 400 ಬಾರ್ ಮೀರುತ್ತದೆ. ಪ್ಲಗ್ ತಗಡಿನ ಮಾಡಿಗೆ ಹೊಡೆದು ತೂತು ಮಾಡಿ ಹೊರಟುಹೋಯಿತು. ಮಳೆಗಾಲದಲ್ಲಿ ಆ ತೂತಿನಿಂದ ಈಗಲೂ ನೀರು ಬೀಳುತ್ತದೆ, ಮುಚ್ಚಿಸಿಲ್ಲ.

ಹೋಸಿನ ಬಗ್ಗೆ ನಮ್ಮೂರಿನವರು ಬೇರೆಯವರಿಗಿಂತ ಹೆಚ್ಚು ಎಚ್ಚರವಿರಬೇಕು. ಹೋಸಿನ ಬಲ ಇರುವುದು ರಬ್ಬರಿನಲ್ಲಲ್ಲ, ಒಳಗೆ ಹೆಣೆದ ಅಥವಾ ಸುತ್ತಿದ ಉಕ್ಕಿನ ತಂತಿಯಲ್ಲಿ. ಹೊರಗಿನ ರಬ್ಬರು ಬಿಸಿಲಿಗೆ ಬಿರಿದು ಅಥವಾ ಉಜ್ಜಿ ಸವೆದು ತಂತಿ ಹೊರಬಿತ್ತೆಂದರೆ ಕಡಲಿನ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಎರಡೂ ಸೇರಿ ಅದನ್ನು ತಿನ್ನುತ್ತವೆ. ಹೋಸಿನ ತುದಿಯ ಲೋಹದ ಬಳೆ, ಫೆರೂಲ್, ಹತ್ತಿರ ಕೆಂಪು ನೀರಿನ ಗೆರೆ ಕಂಡರೆ ಒಳಗಿನ ತಂತಿ ತುಕ್ಕು ಹಿಡಿದಿದೆ ಎಂದೇ ತಿಳಿಯಬೇಕು. ಹೊಸ ಹೋಸಿನ ಒಡೆಯುವ ಒತ್ತಡ ಅದರ ಕೆಲಸದ ಒತ್ತಡದ ನಾಲ್ಕು ಪಟ್ಟು ಇರುತ್ತದೆ. ಆ ನಾಲ್ಕರಲ್ಲಿ ಎಷ್ಟು ಪಟ್ಟು ಉಳಿದಿದೆ ಎಂದು ಹಳೆಯ ಹೋಸನ್ನು ನೋಡಿ ಹೇಳಲು ಯಾರಿಂದಲೂ ಆಗದು. ಹೋಸಿನ ಮೈಮೇಲೆ ಅಚ್ಚಾದ ಸಾಲಿನಲ್ಲಿ ತಯಾರಾದ ಕಾಲ, ಕೆಲಸದ ಒತ್ತಡ ಎರಡೂ ಇರುತ್ತವೆ, ಬಣ್ಣ ಬಳಿಯುವವರು ಅದನ್ನು ಮುಚ್ಚಿಬಿಡುತ್ತಾರೆ ಎಂಬುದು ನನ್ನ ನಿತ್ಯದ ಜಗಳ. ನಾಲ್ಕು ಸುತ್ತಿನ ತಂತಿಯ ಹೋಸು ಇರಬೇಕಾದಲ್ಲಿ ಎರಡು ಹೆಣಿಗೆಯದನ್ನು ಹಾಕಿ 'ಸದ್ಯಕ್ಕೆ ನಡೆಯಲಿ' ಎನ್ನುವುದು, ಒಮ್ಮೆ ಕ್ರಿಂಪ್ ಮಾಡಿದ, ಅಂದರೆ ಹೋಸಿನ ತುದಿಗೆ ಒತ್ತಿ ಕೂರಿಸಿದ, ಫಿಟ್ಟಿಂಗನ್ನು ಕತ್ತರಿಸಿ ತೆಗೆದು ಇನ್ನೊಂದಕ್ಕೆ ಹಾಕುವುದು, ಒಂದು ಕಂಪನಿಯ ಹೋಸಿಗೆ ಇನ್ನೊಂದರ ಫಿಟ್ಟಿಂಗ್ ಒತ್ತುವುದು, ಇವೆಲ್ಲ ನಮ್ಮಲ್ಲಿ ನಡೆಯುತ್ತಿದ್ದವು. ಕ್ರಿಂಪ್ ಜಾರಿದರೆ ಹೋಸು ಹಾವಿನಂತೆ ಬೀಸಿ ಹೊಡೆಯುತ್ತದೆ. ಸೋರುತ್ತಿದೆ ಎಂದು ಒತ್ತಡದಲ್ಲಿರುವಾಗಲೇ ನಟ್ ಬಿಗಿ ಮಾಡಲು ಹೋಗುವುದನ್ನೂ ನಿಲ್ಲಿಸಿದ್ದೇವೆ. ಬಿಗಿ ಮಾಡುವಾಗಲೇ ಬಿರಿದ ನಟ್ ಪೂರ್ತಿ ತುಂಡಾಗುವುದುಂಟು.

ಬೆಂಕಿಯ ಬಗ್ಗೆ ಹೇಳಿದರೆ ಹೆಚ್ಚಿನವರು ನಂಬುವುದಿಲ್ಲ. ಹೈಡ್ರಾಲಿಕ್ ಎಣ್ಣೆಯ ಬೋಗುಣಿಯಲ್ಲಿ ಬೆಂಕಿಕಡ್ಡಿ ಹಾಕಿದರೆ ಅದು ಆರಿಹೋಗುತ್ತದೆ. 200 ಡಿಗ್ರಿಗೆ ಕಾಯಿಸದೆ ಆ ಎಣ್ಣೆ ಹೊತ್ತುವುದಿಲ್ಲ. ಆದರೆ ಸೂಜಿತೂತಿನಿಂದ ಮಂಜಿನಂತೆ ಸಿಡಿದ ಎಣ್ಣೆಗೆ ವೆಲ್ಡಿಂಗ್ ಕಿಡಿಯೋ ಸೈಲೆನ್ಸರಿನ ಕಾವೋ ತಾಗಿದರೆ ಆ ಲೆಕ್ಕ ನಡೆಯುವುದಿಲ್ಲ. 1956ರ ಆಗಸ್ಟ್ 8ರಂದು ಬೆಲ್ಜಿಯಮ್ಮಿನ ಮಾರ್ಸಿನೆಲ್ ಕಲ್ಲಿದ್ದಲ ಗಣಿಯಲ್ಲಿ, ಸರಿಯಾಗಿ ಕೂರದ ವ್ಯಾಗನ್ನನ್ನು ಹೊತ್ತ ತೊಟ್ಟಿಲು ಮೇಲೇರುತ್ತ ಎಣ್ಣೆಯ ಕೊಳವೆಯನ್ನೂ ವಿದ್ಯುತ್ ತಂತಿಗಳನ್ನೂ ಕತ್ತರಿಸಿತು. ಆ ಎಣ್ಣೆಗೆ ಹತ್ತಿದ ಬೆಂಕಿಯಲ್ಲಿ 262 ಜನ ಸತ್ತರು. ಅವರಲ್ಲಿ 136 ಮಂದಿ ಇಟಲಿಯಿಂದ ದುಡಿಯಲು ಬಂದವರು. ಗಣಿಗಳಲ್ಲಿ ಸುಲಭವಾಗಿ ಹೊತ್ತದ ಹೈಡ್ರಾಲಿಕ್ ದ್ರವಗಳನ್ನು ಬಳಸಬೇಕೆಂಬ ಒತ್ತಾಯ ಯುರೋಪಿನಲ್ಲಿ ಬಲವಾದದ್ದು ಅದರ ನಂತರ. ಆ 136ರ ಸಂಖ್ಯೆ ಓದಿದಾಗ ನನಗೆ ನಮ್ಮ ಶೆಡ್ಡು ನೆನಪಾಯಿತು. ನಮ್ಮಲ್ಲಿ ಎಚ್ಚರಿಕೆಯ ಫಲಕ ಇದ್ದದ್ದು ಇಂಗ್ಲಿಷಿನಲ್ಲಿ. ಕೆಲಸ ಮಾಡುವವರಲ್ಲಿ ಇಬ್ಬರು ತುಳು ಮಾತಾಡುವವರು, ಒಬ್ಬ ಗದಗದವನು, ಇಬ್ಬರು ಒಡಿಶಾದವರು, ಒಬ್ಬ ಬಿಹಾರದವನು. ಈಗ ಫಲಕದಲ್ಲಿ ಅಕ್ಷರವೇ ಕಡಿಮೆ. ಒಂದು ಹೋಸು, ಒಂದು ಕೈ, ಅದರ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ರಟ್ಟಿನ ಚಿತ್ರ.

ರಟ್ಟು ಹಿಡಿಯುವುದಕ್ಕೂ ಒಂದು ಕ್ರಮವಿದೆ. ಮುಖಕ್ಕೆ ಶೀಲ್ಡ್ ಹಾಕಿ, ರೀಪಿನ ತುದಿ ಹಿಡಿದು, ಹೋಸಿನಿಂದ ತುಸು ದೂರದಲ್ಲಿ ರಟ್ಟನ್ನು ನಿಧಾನವಾಗಿ ಸಾಗಿಸಬೇಕು. ಎಣ್ಣೆಯ ಗೆರೆ ಬಿದ್ದ ಜಾಗದ ಎದುರಿನಲ್ಲಿ ಸೋರಿಕೆ ಇದೆ. ರಟ್ಟನ್ನೂ ಆ ಎಳೆ ತೂರಬಲ್ಲದು, ಆದ್ದರಿಂದ ಅದರ ಹಿಂದೆ ಇನ್ನೊಂದು ಕೈ ಇರಬಾರದು.

ಬೆರಳು ಕಳೆದುಕೊಂಡ ಹುಡುಗ ನಾಲ್ಕು ತಿಂಗಳ ನಂತರ ಮರಳಿ ಬಂದ. ಅವನ ಚಿಕಿತ್ಸೆಯ ಖರ್ಚು, ಆ ತಿಂಗಳುಗಳ ಸಂಬಳ ನಾವೇ ಕೊಟ್ಟೆವು ಎಂದು ಬರೆದುಕೊಳ್ಳುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಚಳಿಗೆ ಆ ಮೊಂಡು ತುದಿ ಈಗಲೂ ಜುಮುಜುಮು ಎನ್ನುತ್ತದಂತೆ. ಸಣ್ಣ ಓ ರಿಂಗನ್ನು ಎತ್ತಿಕೊಳ್ಳಲು ಅವನು ಈಗ ನಡುಬೆರಳನ್ನು ಬಳಸುತ್ತಾನೆ. ಕಳೆದ ವಾರ ಮತ್ತೆ ಉಳ್ಳಾಲದ ಕಡೆಯಿಂದ ಒಂದು ಯಂತ್ರ ಬಂತು, ಅದೇ ದೂರು, ಅದೇ ಮಳೆ. ನಾನು ಹೇಳುವ ಮೊದಲೇ ಅವನು ಮೊಳೆಯಿಂದ ರಟ್ಟು ತೆಗೆದುಕೊಂಡು ಹೋದ. ಬೂಮಿನ ಬುಡದ ಹೋಸಿನ ಹತ್ತಿರ ರಟ್ಟಿನ ಮೇಲೆ ತೆಳ್ಳನೆಯ ಒಂದು ಗೆರೆ ಮೂಡಿತು. ಆಪರೇಟರಿಗೆ ಕೈಸನ್ನೆ ಮಾಡಿ ಬಕೆಟ್ ಊರಿಸಿದ, ಎಂಜಿನ್ ಆರಿಸಿಸಿದ, ಲಿವರ್ ಆಡಿಸಿಸಿದ. ಮಾಲೀಕರು ಎಷ್ಟು ಹೊತ್ತು ಬೇಕು ಎಂದು ನನ್ನನ್ನು ಕೇಳಿದರು. ನಾನು ಅವನ ಕಡೆ ನೋಡಿದೆ. ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ಎಣ್ಣಿ ಇನ್ನೂ ಬಿಸಿ ಐತ್ರೀ, ಅರ್ಧ ತಾಸು ಬಿಟ್ಟು ಕೇಳ್ರಿ," ಎಂದು ಚಹಾ ತರಲು ಹೋದ.